ಅಪರಿಚಿತನ ಪಾರ್ಟು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆ ಬೆಳಿಗ್ಗೆ ನನ್ನ ಹಲ್ಲೆಲ್ಲ ಉದುರಿಹೋಗಲಿ. ಉಳಿದಿರುವುದೇ ಹದಿನೇಳು, ಅಷ್ಟನ್ನೂ ಪಣಕ್ಕಿಟ್ಟು ಹೇಳುತ್ತಿದ್ದೇನೆ.

ಬಸ್ ಪಾಸ್ ಕೌಂಟರಿನಲ್ಲಿ ಕೂರುತ್ತಿದ್ದ ಆ ಮನುಷ್ಯನಿಗೆ ಮುಖವೇನೋ ಇತ್ತು. ಕಣ್ಣು, ಮೂಗು, ಬಾಯಿ ಎಲ್ಲ ಇರಬೇಕಾದ ಜಾಗದಲ್ಲೇ ಇದ್ದವು. ಆದರೆ ಆ ಮುಖ ಯಾರ ತಲೆಯಲ್ಲೂ ನಿಲ್ಲುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅವನ ಕೂದಲು ಕತ್ತರಿಸುತ್ತಿದ್ದ ಕ್ಷೌರಿಕ ಪ್ರತಿ ತಿಂಗಳೂ "ಸಾರ್, ನಮ್ಮಲ್ಲಿಗೆ ಮೊದಲ್ನೇ ಸಲ ಅಲ್ವಾ?" ಎಂದು ಕೇಳುತ್ತಿದ್ದ. ಸಾಕಿದ ನಾಯಿ ದಿನಾ ಸಂಜೆ ಅವನನ್ನು ಕಂಡು ಬೊಗಳಿ, ಕೈ ಮೂಸಿ ನೋಡಿ, ಆಮೇಲೆ ನಾಚಿಕೊಂಡು ಬಾಲ ಆಡಿಸುತ್ತಿತ್ತು. ಚಿಕ್ಕವನಿದ್ದಾಗ ಹೆತ್ತ ತಾಯಿಯೇ ಶಾಲೆಯ ಗೇಟಿನಿಂದ ಇನ್ನೊಬ್ಬರ ಮಗನನ್ನು ಮನೆಗೆ ಕರೆದುಕೊಂಡು ಹೋಗಿದ್ದಳು. ಗೊತ್ತಾದದ್ದು ಎರಡು ದಿನ ಕಳೆದ ಮೇಲೆ, ಆ ಹುಡುಗ ಹೇಳಿಸಿಕೊಳ್ಳದೆ ತಟ್ಟೆ ತೊಳೆದಿಟ್ಟಾಗ.

ಇಂಥ ಮುಖಕ್ಕೂ ಒಂದು ಕೆಲಸ ಹುಡುಕಿಕೊಟ್ಟವಳು ಅವನ ಅತ್ತಿಗೆ. ಆಕೆ ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ಶಾಲೆಯಲ್ಲಿ ಟೀಚರ್.

"ನೋಡಪ್ಪ, ನಂಗೆ ನಿನ್ನ ಮುಖ ಬೇಕು," ಎಂದಳು.

"ಯಾಕತ್ತಿಗೆ, ನಿಮ್ಮದಕ್ಕೇನಾಯ್ತು?"

"ತಲೆಹರಟೆ ಬೇಡ, ಕೇಳಿಲ್ಲಿ."

ಗುರುತಿಲ್ಲದವರು ಬೀದಿಯಲ್ಲಿ ಕರೆದರೆ ಏನು ಮಾಡಬೇಕೆಂದು ಆಕೆ ಮಕ್ಕಳಿಗೆ ವರ್ಷವಿಡೀ ಕಲಿಸಿದ್ದಳು. ಬೇಡ ಅನ್ನಬೇಕು, ತಿರುಗಿ ಹೊರಟುಬಿಡಬೇಕು, ಗೊತ್ತಿರುವ ದೊಡ್ಡವರ ಹತ್ತಿರ ಹೋಗಿ ಹೇಳಬೇಕು. ತರಗತಿಯಲ್ಲಿ ಆಯಾಳೇ ಟೋಪಿ ಹಾಕಿಕೊಂಡು ಕಳ್ಳಿಯಾಗುತ್ತಿದ್ದಳು, ಮಕ್ಕಳೆಲ್ಲ ಸಲೀಸಾಗಿ ಪಾಸಾಗುತ್ತಿದ್ದವು. ಆದರೆ ತರಗತಿಯಲ್ಲಿ ಬಂದದ್ದು ಬೀದಿಯಲ್ಲೂ ಬರುತ್ತದೆ ಅಂತೇನಿಲ್ಲ. ಅದಕ್ಕೆ ನಿಜವಾದ ಬೀದಿ ಬೇಕು, ನಿಜವಾದ ಅಪರಿಚಿತ ಬೇಕು. ಹಿಂದಿನ ವರ್ಷ ಒಬ್ಬ ಎಲೆಕ್ಟ್ರಿಷಿಯನ್ ಈ ಪಾರ್ಟು ಮಾಡಿದ್ದ. ದಾರಿಹೋಕರು ಅವನಿಗೆ ಕೊಟ್ಟ ಏಟಿಗೆ ಇವತ್ತಿಗೂ ಅವನು ಏಣಿ ಹತ್ತುತ್ತಿಲ್ಲ. ಹಾಗಾಗಿ ಈ ಸಲ ಪೋಷಕರೆಲ್ಲ ಸಭೆ ಸೇರಿ, ಮೈದುನನ ಫೋಟೋ ಅಂಟಿಸಿದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಅದನ್ನು ಅವನ ಜೇಬಿಗಿಟ್ಟರು. ಸಭೆ ಮುಗಿದು ಮೆಟ್ಟಿಲಿಳಿಯುವಷ್ಟರಲ್ಲಿ ಅವರಲ್ಲೇ ಇಬ್ಬರು "ಆ ಅಪರಿಚಿತ ಇನ್ನೂ ಬಂದಿಲ್ವಾ?" ಎಂದು ಅವನನ್ನೇ ಕೇಳಿದರು.

ಆ ದಿನ ಕಾರಿಡಾರಿನಲ್ಲಿ ಒಬ್ಬ ಹುಡುಗಿ ಅವನನ್ನು ತಡೆದು ನಿಲ್ಲಿಸಿ, ಶರ್ಟಿನ ಬಿಚ್ಚಿದ ಗುಂಡಿ ಹಾಕಿ, ಏನೂ ಮಾತಾಡದೆ ಮುಂದೆ ಹೋಗಿದ್ದಳು. ಅವಳಿಗೆ ಹದಿನೈದು ವರ್ಷ ಹನ್ನೊಂದು ತಿಂಗಳು. ಇಡೀ ಶಾಲೆಯ ಗುಂಡಿ, ಲಾಡಿ, ಮೂಗು ಅವಳದೇ ಉಸ್ತುವಾರಿಯಲ್ಲಿದ್ದುದರಿಂದ ಟೀಚರುಗಳೂ ಅವಳನ್ನು ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು.

ದೊಡ್ಡಮ್ಮನಿಗೆ ಈ ಪರೀಕ್ಷೆ ಆಟವಾಗಿರಲಿಲ್ಲ. ಹದಿನಾರು ತುಂಬಿದ ದಿನ ಅವಳು ಶಾಲೆ ಬಿಡಬೇಕು. ಪಾಸಾದರೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ಪೇಪರ್ ಕವರ್ ಮಾಡುವ ಕಾರ್ಯಾಗಾರ ಸೇರಬಹುದು. ಇಲ್ಲದಿದ್ದರೆ ಮನೆ. ಅವಳ ತಾಯಿ ಆಸ್ಪತ್ರೆಯೊಂದರ ಹಾಸಿಗೆ ಬಟ್ಟೆ ಒಗೆಯುವವಳು, ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಆರಕ್ಕೆ ಬರುವವಳು. "ನಾನೇನ್ ಮಾಡ್ಲಿ ಟೀಚರ್? ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತೀನಿ, ಅಷ್ಟೇ," ಎಂದು ಹೇಳಿದ್ದಳು. ಅಳಲಿಲ್ಲ. ಬೀಗ ಆಗಲೇ ಕೊಂಡಾಗಿತ್ತು.

ಮೂರು ಅವಕಾಶ ಇದ್ದವು. ಮೊದಲನೆಯದು ದಿನಸಿ ಅಂಗಡಿಯ ಮುಂದೆ. ಅತ್ತಿಗೆ ರಸ್ತೆಯಾಚೆ ಪೇಪರ್ ಅಗಲಿಸಿಕೊಂಡು ನಿಂತಿದ್ದಳು. ಮೈದುನ ಬಾಯಿಪಾಠ ಮಾಡಿದ್ದ ಮಾತು ಶುರುಮಾಡಿದ.

"ಪಾಪು, ನಿಮ್ಮಮ್ಮ ಕಳಿಸಿದ್ದಾರೆ, ಬಾ ಹೋಗೋಣ."

ದೊಡ್ಡಮ್ಮ ಅವನನ್ನು ನೋಡಿದಳು. ಮುಖ ಅರಳಿತು. "ಗುಂಡಿ ಮಾಮ!" ಎಂದು ಕೈ ಹಿಡಿದು ಹೊರಟೇಬಿಟ್ಟಳು.

ಅತ್ತಿಗೆ ಪೇಪರ್ ಮಡಚಿ ಬಂದಳು. "ನಿನ್ನ ಮುಖ ಯಾರಿಗೂ ನೆನಪಿರಲ್ಲ ಅಂತಾನೇ ಅಲ್ವೇನಪ್ಪ ನಿನ್ನ ಕರೆದಿದ್ದು!"

"ನಾನೇನ್ ಮಾಡ್ಲಿ ಅತ್ತಿಗೆ, ನನ್ನ ನಾಯಿಗೇ ನೆನಪಿರಲ್ಲ." ಆ ರಾತ್ರಿ ನಲವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಕನ್ನಡಿಯ ಮುಂದೆ ಐದು ನಿಮಿಷ ನಿಂತು, ಅವಳಿಗೆ ಕಂಡದ್ದೇನು ಎಂದು ಹುಡುಕಿದ. ಸಿಗಲಿಲ್ಲ.

ಎರಡನೆಯದು ಔಷಧಿ ಅಂಗಡಿಯ ಹತ್ತಿರ. ಕಪ್ಪು ಕನ್ನಡಕ, ಟೋಪಿ, ನಾಟಕದವರಿಂದ ತಂದ ದಪ್ಪ ಮೀಸೆ. ಅಂಗಡಿಯವನೇ ಹೆದರಿ ಅರ್ಧ ಶಟರ್ ಎಳೆದ. ದೊಡ್ಡಮ್ಮ ಮಾತ್ರ ಹತ್ತಿರ ಬಂದು, ತುದಿಗಾಲಲ್ಲಿ ನಿಂತು, ಹೆಬ್ಬೆರಳಿನಿಂದ ಮೀಸೆ ಒತ್ತಿದಳು. ಅವಳಿಗೆ ಸಕಾರ ಬರುತ್ತಿರಲಿಲ್ಲ. "ಮಾಮ, ಮೀತೆ ಬಿದ್ದೋಗುತ್ತೆ," ಎಂದು ಮೆಲ್ಲಗೆ, ಯಾರಿಗೂ ಕೇಳಿಸಬಾರದು ಎಂಬಂತೆ ಹೇಳಿದಳು.

ಅತ್ತಿಗೆ ಅವತ್ತು ಬೈಯಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾದದ್ದು. ಬೇರೆಯವರನ್ನು ಕರೆಯೋಣವೆಂದರೆ ಮತ್ತೆ ಸಭೆ, ಮತ್ತೆ ಸಹಿ, ಮೂರು ತಿಂಗಳು. ಅವಳಿಗೆ ಹದಿನಾರು ತುಂಬಲು ಉಳಿದಿದ್ದದ್ದು ಒಂಬತ್ತು ದಿನ.

"ಪಾಸಾದ್ಲು ಅಂತ ಬರೆದುಬಿಡಿ," ಎಂದ ಮೈದುನ.

"ಬರೀತೀನಪ್ಪ. ನಾಳೆ ನಿಜವಾಗ್ಲೂ ಯಾವನೋ ಒಬ್ಬ ಕರೆದಾಗ, ಅವನಿಗೆ ಆ ಕಾಗದ ತೋರಿಸ್ತೀಯಾ?"

ಅವನು ಮೀಸೆ ಕಿತ್ತು ಜೇಬಿಗಿಟ್ಟ.

"ಅವಳಿಗೆ ನೀನು ಅಪರಿಚಿತ ಅಲ್ಲ. ಆಗಬೇಕು. ಹೇಗೆ ಅಂತ ನಂಗೂ ಗೊತ್ತಿಲ್ಲ."

ಮೈದುನನಿಗೆ ಗೊತ್ತಿತ್ತು. ಪಾಸ್ ಕೌಂಟರಿನ ಗಾಜಿನ ತೂತಿನಾಚೆ ದಿನಾ ನೋಡುತ್ತಿದ್ದ. ಇಂಥ ಮಕ್ಕಳು ಸಾಲಿನಲ್ಲಿ ನಿಂತಾಗ ಹಿಂದಿನವರು ಹೇಗೆ ನಾಲಿಗೆ ಹೊರಳಿಸಿ ಅಣಕಿಸುತ್ತಾರೆ, ಆ ಮಕ್ಕಳು ಹೇಗೆ ಒಂದೇ ಕ್ಷಣದಲ್ಲಿ ಬಾಗಿಲು ಮುಚ್ಚಿಕೊಂಡಂತೆ ಆಗಿಬಿಡುತ್ತವೆ ಎಂದು.

ಮೂರನೆಯದು ಹೊಲಿಗೆ ಅಂಗಡಿಯ ಮುಂದೆ. ಒಳಗಿದ್ದ ಟೈಲರಮ್ಮ ಅವಳಿಗೆ ಗೊತ್ತಿರುವ ದೊಡ್ಡವಳು. ಅವತ್ತು ಮೀಸೆ ಇರಲಿಲ್ಲ, ಕನ್ನಡಕವೂ ಇರಲಿಲ್ಲ. ದೊಡ್ಡಮ್ಮ ದೂರದಿಂದಲೇ ಕೈಬೀಸಿ ಓಡಿಬಂದಳು.

"ಮಾಮಾ! ಮೀತೆ ಎಲ್ಲಿ?"

"ಮೀತೆ ಎಲ್ಲಿ," ಎಂದ ಮೈದುನ, ನಾಲಿಗೆ ಹೊರಗೆ ಹಾಕಿ, ಕಣ್ಣು ಮೇಲೆ ಮಾಡಿ, ಅವಳಂತೆಯೇ ಕತ್ತು ವಾಲಿಸಿ. "ಮೀತೆ, ಮೀತೆ! ನೆಟ್ಟಗೆ ಮಾತಾಡೋಕ್ ಬರಲ್ಲ, ನಿಂಗ್ಯಾವನೇ ಮಾಮ? ಪೆದ್ದಿ."

ಅವಳು ಇನ್ನೂ ನಗುತ್ತಲೇ ಇದ್ದಳು. ಇದೂ ಒಂದು ವೇಷವಿರಬಹುದು ಎಂದು ಅವನ ಮುಖದ ಮೇಲೆಲ್ಲ ಹುಡುಕಿದಳು, ಒತ್ತಿ ಸರಿಮಾಡಲು ಏನಾದರೂ ಸಿಗುತ್ತದೇನೋ ಎಂದು. ಅವನು ಇನ್ನೊಂದು ಸಲ ಮಾಡಿದ, ಮೊದಲಿಗಿಂತ ಚೆನ್ನಾಗಿ.

ಆಮೇಲೆ ಪಾಠದ ಮಾತು ಹೇಳಿದ. "ನಿಮ್ಮಮ್ಮ ಕಳಿಸಿದ್ದಾರೆ, ಬಾ ಹೋಗೋಣ."

"ಬೇಡ," ಎಂದಳು. "ಬರಲ್ಲ." ತಿರುಗಿದಳು, ಹೊಲಿಗೆ ಅಂಗಡಿಗೆ ಹೋದಳು, ಟೈಲರಮ್ಮನ ಸೆರಗು ಹಿಡಿದು ಅವನ ಕಡೆ ಬೆರಳು ಮಾಡಿ ಏನೋ ಹೇಳಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಟೈಲರಮ್ಮ ಅಳತೆ ಕೋಲು ಎತ್ತಿಕೊಂಡೇ ಹೊರಬಂದು ಅವನ ಬೆನ್ನಿಗೆ ಎರಡು ಬಾರಿಸಿದಳು. ಒಪ್ಪಿಗೆ ಪತ್ರ ಜೇಬಲ್ಲಿತ್ತು. ಅವನು ತೆಗೆಯಲಿಲ್ಲ. ಆ ಎರಡನ್ನೂ ತೆಗೆದುಕೊಂಡ.

ಅತ್ತಿಗೆ ರಸ್ತೆ ದಾಟಿ ಓಡಿಬಂದಳು. ಅಷ್ಟು ದೂರಕ್ಕೆ ಅವಳಿಗೆ ಮಾತು ಕೇಳಿಸಿರಲಿಲ್ಲ. "ಪಾಸು ಕಣಪ್ಪ! ನೂರಕ್ಕೆ ನೂರು! ಏನ್ ಮಾಡ್ದೆ?"

"ಏನಿಲ್ಲ ಅತ್ತಿಗೆ. ಪಾರ್ಟು ಮಾಡ್ದೆ."

"ಎಂಥ ಕಲಾವಿದನಪ್ಪ ನೀನು, ಸುಮ್ನೆ ಕೌಂಟರಲ್ಲಿ ಕೂತು ಹಾಳಾದೆ," ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು.

ದೊಡ್ಡಮ್ಮ ಕಾರ್ಯಾಗಾರ ಸೇರಿದಳು. ಕೊಂಡಿದ್ದ ಬೀಗವನ್ನು ತಾಯಿ ನೀರಿನ ಡ್ರಮ್ಮಿನ ಮುಚ್ಚಳಕ್ಕೆ ಹಾಕಿದಳು. ದಿನಾ ಬೆಳಿಗ್ಗೆ ಎಂಟೂಕಾಲಿಗೆ ಕತ್ತಿನಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡು ಅವಳು ಒಬ್ಬಳೇ ಬಸ್‌ಸ್ಟಾಪಿನಲ್ಲಿ ನಿಲ್ಲುತ್ತಿದ್ದಳು. ಪಕ್ಕದಲ್ಲಿ ನಿಂತವರ ಗುಂಡಿ ಬಿಚ್ಚಿದ್ದರೂ ಈಗ ಕೈ ಹಾಕುತ್ತಿರಲಿಲ್ಲ. ಅದನ್ನು ಅತ್ತಿಗೆಯೇ ಹೆಮ್ಮೆಯಿಂದ ಹೇಳಿದ್ದಳು: "ಎಷ್ಟು ಸುಧಾರಿಸಿದ್ದಾಳೆ ಗೊತ್ತಾ?"

ಹದಿನಾರು ದಿನ ತಡೆದು, ಹದಿನೇಳನೇ ದಿನ ಮೈದುನ ಆ ಸ್ಟಾಪಿಗೆ ಹೋದ. ಪುಣ್ಯವಿದ್ದರೆ ಎಲ್ಲರಂತೆ ಅವಳೂ ತನ್ನ ಮುಖ ಮರೆತಿರುತ್ತಾಳೆ, ಹೊಸದಾಗಿ ಶುರುಮಾಡಬಹುದು ಎಂದುಕೊಂಡಿದ್ದ. ಅವಳು ಮರೆತಿರಲಿಲ್ಲ. ಅವನು ಇನ್ನೂ ನಾಲ್ಕು ಮಾರು ದೂರವಿರುವಾಗಲೇ ಅವಳ ಕೈ ಚೀಟಿಯನ್ನು ಬಿಗಿಯಾಗಿ ಹಿಡಿಯಿತು.

ಮೈದುನ ಅಲ್ಲೇ ನಿಂತು, ಬಸ್ಸು ಬರುವಷ್ಟರಲ್ಲಿ ಮುಗಿಯಲಿ ಎಂದು ಬೇಗಬೇಗ ಶುರುಮಾಡಿದ. "ನಾನು ಕಣಮ್ಮ, ಕರೀತಿಲ್ಲ, ಎಲ್ಲಿಗೂ ಬಾ ಅಂತಿಲ್ಲ, ಒಂದೇ ಒಂದು ಮಾತು ಹೇಳ್ಬಿಟ್ಟು ಹೋಗ್ತೀನಿ. ಅವತ್ತು ನಾನು ಅಂದಿದ್ದು ಅತ್ತಿಗೆ ಹೇಳಿಕೊಟ್ಟಿದ್ದಲ್ಲ, ನಾನೇ, ನಿನ್ನ ಒಳಗಿಟ್ಟು ಬೀಗ ಹಾಕ್ತಾರೆ ಅಂತ ನಾನೇ, ಆದ್ರೆ ನೀನು ಮಾತಾಡೋದು ನಂಗೆ..." ಬಸ್ಸು ಬಂತು, ಮಾತು ಮುಗಿಯುವ ಮೊದಲೇ ಅವಳು ಹತ್ತಿ ಹೋದಳು.