ಬರಿಗಾಲಿನ ಕೋಣೆ

"ಆ ಕೊಳಕು ಎಕ್ಕಡಾನ ಆಚೆ ಬಿಡೇ ಮುಂಡೇದೆ. ಇದೇನು ನಿಮ್ಮ ಕೇರಿ ಅಂದ್ಕೊಂಡ್ಯಾ?"

ಯೋಗಾನರಸಿಂಹ ಕೂಗಿದ ರಭಸಕ್ಕೆ ದ್ಯಾವೀರಮ್ಮ ಹೊಸ್ತಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಹೊಳೆನರಸೀಪುರಕ್ಕೆಲ್ಲ ಇಂಟರ್‌ನೆಟ್ಟು ಕೊಡುತ್ತೇನೆಂದು ಪುಟ್ಟಸ್ವಾಮಿಗೌಡ ತನ್ನ ಮಹಡಿಯಲ್ಲಿ ಮಾಡಿಸಿದ್ದ ಮಿಷನ್ ಕೋಣೆ ಅದು. ಹಾಸನದಿಂದ ನೆಲದೊಳಗೆ ಬಂದ ಗಾಜಿನ ತಂತಿಯನ್ನು ಮಿಷನ್ನಿಗೆ ಜೋಡಿಸುವವನು ಯೋಗಾನರಸಿಂಹ. ಗುಡಿಸುವವಳು ಇವಳು. ಧೂಳು ಬಿದ್ದರೆ ಮಿಷನ್ ಕೆಡುತ್ತದಂತೆ, ಅದಕ್ಕೇ ಹೊರಗಿನ ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಒಳಗೆ ಓಡಾಡಲು ಅವನಿಗೆ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ ಇತ್ತು. ಇವಳಿಗೆ ಬರಿಗಾಲು.

ತಂತಿ ಜೋಡಿಸುವ ಮುಂಚೆ ತುದಿ ಕತ್ತರಿಸಬೇಕು. ಕತ್ತರಿಸಿದ ಚೂರು ಕೂದಲಿನಷ್ಟು ಸಣ್ಣ, ಆದರೆ ಗಾಜು ಗಾಜೇ. ಅದನ್ನು ಹಾಕಲೆಂದೇ ಮುಚ್ಚಳದ ಡಬ್ಬಿಯೊಂದು ಸಾಮಾನಿನ ಜೊತೆ ಬಂದಿತ್ತು. ಪುಣ್ಯಾತ್ಮ ಅದಕ್ಕೆ ಕುಂಕುಮ ತುಂಬಿ, ದಿನಾ ಬೆಳಿಗ್ಗೆ ಮಿಷನ್ನಿಗೆ ಬೊಟ್ಟಿಡುತ್ತಿದ್ದ. ಚೂರನ್ನು ಬೆರಳಿಂದ ಕೊಡವಿ ನೆಲಕ್ಕೆ ಬಿಡುತ್ತಿದ್ದ. ಗುಡಿಸುವವಳು ಇದ್ದಾಳಲ್ಲ.

ಅಂಥದ್ದೊಂದು ಚೂರು ಹೋದ ತಿಂಗಳು ಅವಳ ಹಿಮ್ಮಡಿಗೆ ಹೊಕ್ಕಿತ್ತು. ಕಣ್ಣಿಗೆ ಕಾಣದು, ಪಿನ್ನಿಗೆ ಸಿಗದು. ಕೀವು ಕಟ್ಟಿ, ನಾಟಿ ಕಾಲದಲ್ಲಿ ಗದ್ದೆಗಿಳಿಯಲಾಗದೆ ಮನೆಯಲ್ಲೇ ಕೂತಳು. ಹಾಸನದ ಡಾಕ್ಟ್ರು ಹಿಮ್ಮಡಿ ಬಗೆದು, "ಸಕ್ಕರೆ ಕಾಯ್ಲೆ ಇದೆ ಕಣಮ್ಮ ನಿಂಗೆ. ಇನ್ನೊಂದ್ಸಲ ಚುಚ್ಚಿದ್ರೆ ಕಾಲೇ ತೆಗೀಬೇಕಾಗುತ್ತೆ" ಎಂದಿದ್ದರು. ರಟ್ಟೆ ಮುರಿದು ತಿನ್ನುವ ಹೆಂಗಸು, ಕಾಲೇ ಹೋದರೆ ಅನ್ನ ಹಾಕುವ ದೊರೆ ಯಾರು?

"ಸಾ, ನಿಮ್ಮಂಗೆ ನಂಗೂವೆ ಒಂದ್ ಜೊತೆ ಒಳಗಿನ್ ಚಪ್ಲಿ ಕೊಡ್ಸಿ ಸಾ. ಗಾಜು ಚುಚ್ತದೆ."

"ಎಲ್ಲಿದೆಯೇ ಗಾಜು, ತೋರ್ಸು? ಕೆಲಸಗಳ್ಳಿ, ನಾಟಕ ಆಡ್ತಾಳೆ. ಇಲ್ಲಿ ಗಾಜೂ ಇಲ್ಲ, ಮಣ್ಣೂ ಇಲ್ಲ. ನಿನ್ನ ಕಾಲಿಗೆ ಚಪ್ಲಿ ಬೇರೆ ಕೇಡು. ಗೌಡ್ರು ಮಿಷನ್ ಶುರು ಮಾಡೋ ಪೂಜೆಗೆ ಬರ್ತಾರೆ, ಬೇಗ ಗುಡ್ಸು."

ಹಾಗೆನ್ನುತ್ತಲೇ ಕೊನೆಯ ತಂತಿಯ ತುದಿ ಕತ್ತರಿಸಿ ಕೊಡವಿದ. ಜೋಡಿಸಿದ. ಪೂಜೆ ಮಾಡುವವನೂ ಅವನೇ, ಪಂಚೆ ಉಟ್ಟು ಬರಲು ಕೆಳಗಿಳಿದ.

ದ್ಯಾವೀರಮ್ಮ ಹೊಸ್ತಿಲಲ್ಲೇ ನಿಂತು ನೆಲ ನೋಡಿದಳು. ಏನೂ ಕಾಣಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಬಾಗಿಲ ಪಕ್ಕ ಕೂತುಬಿಟ್ಟಳು.

ಗೌಡ ಬಂದ. ಹಿಂದೆ ಆರತಿ ತಟ್ಟೆ ಹಿಡಿದ ಹೆಂಡತಿ ರೂಪಶ್ರೀ. ಮುಂದೆ ರೇಷ್ಮೆ ಪಂಚೆಯ ಯೋಗಾನರಸಿಂಹ, ನೀಲಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದ.

"ಪೂಜೆಗೆ ಓಯ್ತಾ ಚಪ್ಲಿ ಮೆಟ್ಕತೀರಾ ಅಯ್ನೋರೆ? ಬುಡಿ ಅತ್ಲಾಗೆ. ಮೊದ್ಲು ನೀವೇ ಒಳೀಕ್ ನಡೀರಿ, ದೀಪ ಅಚ್ಚಿ," ಎಂದ ಗೌಡ.

ಯೋಗಾನರಸಿಂಹ ಚಪ್ಪಲಿ ಬಿಟ್ಟ. ಬಗ್ಗಿ ಮೆಲ್ಲಗೆ ಕೇಳಿದ, "ಗುಡ್ಸಿದ್ಯೇನೇ?"

"ಇಲ್ಲ ಸಾ." ಎಲ್ಲರಿಗೂ ಕೇಳುವ ಹಾಗೆ ಅಂದಳು. "ಗಾಜೂ ಇಲ್ಲ, ಮಣ್ಣೂ ಇಲ್ಲ ಅಂತ ನೀವೇ ಅಂದ್ರಲ್ಲ. ಇಲ್ದೇ ಇರಾದ್ನ ಏನಂತ ಗುಡಿಸ್ಲಿ?"

"ಗೌಡ್ರೆ, ಒಂದ್ನಿಮಿಷ, ಇವಳು ಗುಡಿಸಿಬಿಡ್ಲಿ..."

"ಏನ್ ಗುಡ್ಸಾದು, ಕನ್ನಡಿ ಇದ್ದಂಗದೆ ನೆಲ. ರಾವ್ಕಾಲ ಬತ್ತದೆ, ನಡೀರಿ."

ಯೋಗಾನರಸಿಂಹ ಬಲಗಾಲೆತ್ತಿದ. ಎತ್ತಿದ ಕಾಲು ಹೊಸ್ತಿಲ ಮೇಲೆಯೇ ನಿಂತಿತು.

ದ್ಯಾವೀರಮ್ಮ ಗೋಡೆ ಹಿಡಿದು ಎದ್ದಳು. ಬಾಗಿಲನ್ನು ಪೂರಾ ತಳ್ಳಿದಳು.

"ಮಡಗಿ ಸಾ," ಎಂದಳು. "ಕಾಲು ಮಡಗಿ."