ಆರು ಪಾಯಿಂಟ್ ಎಂಟು

ನರ್ಸಮ್ಮನ ಚಪ್ಪಲಿ ಕಿರ್ ಅಂತ ದಾಟಿ ಹೋಯ್ತು, ಕಿಟಕಿಯ ಬಿಸಿಲು ಮೊಣಕಾಲ ಮೇಲೆ ಸುಡ್ತಿದೆ, ಕಾಲು ಸರಿಸಬೇಕು, ಆಮೇಲೆ ಸರಿಸಿದರಾಯ್ತು — ಎಲ್ಲಕ್ಕೂ ಆಮೇಲೆ, ಇಪ್ಪತ್ತೆರಡು ವರ್ಷ ಹುಡುಗಿಯರನ್ನು ಮೈದಾನ ಸುತ್ತಿಸಿದ ಪೀಟಿ ಟೀಚರು ನಾನು, ಈ ತಿಂಗಳೆಲ್ಲ ಹಲ್ಲುಜ್ಜಿ ಬಂದು ಮಂಚದ ತುದಿಯಲ್ಲಿ ಕೂತು ಏದುಸಿರು ಬಿಟ್ಟವಳು. ಎದೆಯ ಗಂಟು ತೆಗೆದಾಯ್ತು, ಕೀಮೋ ಮುಗೀತು, ಕೂದಲೂ ಚಿಗುರ್ತಾ ಇದೆ, ಇನ್ನೇನು ನಿನಗೆ ಅಂದಳು ಅಕ್ಕ, ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಂಡು ಓಡಾಡೇ, ಬೈದದ್ದಲ್ಲ, ಹೆದರಿದ್ದಳು, ನಾನೂ ಹೆದರಿದ್ದೆ, ಒದ್ದೆ ಬಟ್ಟೆ ಹಿಂಡಲಾರದೆ ಬಕೆಟ್ಟಿನ ಪಕ್ಕ ಕುಸಿದು ಕೂತ ದಿನ ಇಬ್ಬರಿಗೂ ಹೊಳೆದದ್ದು ಒಂದೇ, ಗಂಟು ಮರಳಿ ಬಂದಿದೆ. ಇವತ್ತು ಬೆಳಿಗ್ಗೆ ಡಾಕ್ಟರಮ್ಮ ರಿಪೋರ್ಟು ನಮ್ಮ ಕಡೆ ತಿರುಗಿಸಿದರು, ಸ್ಕ್ಯಾನಲ್ಲಿ ಏನೂ ಇಲ್ಲ, ಗಂಟು ಬಂದಿಲ್ಲ, ಇಲ್ಲಿ ನೋಡಿ, ಹಿಮೋಗ್ಲೋಬಿನ್ ಆರು ಪಾಯಿಂಟ್ ಎಂಟು, ಹನ್ನೆರಡಾದರೂ ಇರಬೇಕಿತ್ತು, ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ, ಕೀಮೋ ಅದಕ್ಕೂ ಪೆಟ್ಟು ಕೊಟ್ಟಿದೆ, ಮೈಗೆಲ್ಲ ಪ್ರಾಣವಾಯು ಹೊರೋ ಆಳುಗಳಲ್ಲಿ ಅರ್ಧ ಜನ ರಜೆ ಹಾಕಿದ್ದಾರೆ ಅಂದ್ಕೊಳ್ಳಿ, ಮೇಲಿಂದ ಒಳಗಿನ ಉರಿಯೂತ ಮೆದುಳಿಗೆ ಮಲಗು ಮಲಗು ಅಂತ ಹೇಳಿಕಳಿಸ್ತಾನೇ ಇರುತ್ತೆ, ಸ್ನಾಯುಗಳೂ ಕರಗಿವೆ, ನಿದ್ದೆ ಮಾಡಿದರೆ ಹೋಗೋ ಸುಸ್ತಲ್ಲ ಇದು. ಹಾಗಾದ್ರೆ ಇವಳದ್ದು ಸೋಮಾರಿತನ ಅಲ್ಲ ಅಂತೀರಾ, ಅಕ್ಕನ ದನಿ ಸಣ್ಣಗಾಗಿತ್ತು. ಇಷ್ಟೇ ರಕ್ತ ಇಟ್ಕೊಂಡು ಮೆಟ್ಟಿಲು ಹತ್ತಿ ಬಂದಿದ್ದಾರಲ್ಲ, ಅದೇ ದೊಡ್ಡದು ಅಂದರು. ಆಹಾ, ಆ ಮಾತು, ಸ್ಟಾಪ್‌ವಾಚಿನ ಅಂಕಿಯನ್ನೇ ನಂಬಿ ಬದುಕಿದವಳಿಗೆ ಸುಸ್ತಿಗೂ ಒಂದು ಅಂಕಿ ಸಿಕ್ಕಿತು, ಹೊರಗೆ ಬೆಂಚಿನ ಮೇಲೆ ಅಕ್ಕ ಸೆರಗಲ್ಲಿ ಮುಖ ಒರೆಸಿಕೊಂಡಳು, ಆಮೇಲೆ ಇಬ್ಬರಿಗೂ ತಡೆಯಲಾರದ ನಗು, ಇನ್ಮೇಲೆ ಬಟ್ಟೆ ನಾನೇ ಹಿಂಡ್ತೀನಿ ಮಹಾರಾಣಿ ಅಂದಳು — ಈಗ ಯಾರದೋ ರಕ್ತ ನನ್ನ ಕೈಯೊಳಗೆ ತಣ್ಣಗೆ ಇಳೀತಿದೆ, ಅಕ್ಕ ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ, ಪಾಪ, ಎಷ್ಟು ದಿನದ ನಿದ್ದೆಯೋ, ನಾನೂ ಕಣ್ಣು ಮುಚ್ಚಬಹುದು, ತಪ್ಪೇನಿಲ್ಲ, ಯಾರೂ ಏನೂ ಅನ್ನಲ್ಲ — ಆದರೆ ಒಂಬತ್ತನೇ ಕ್ಲಾಸಿನ ಆ ಹುಡುಗಿ, ಎರಡು ಜಡೆಯವಳು, ಆಗ್ತಿಲ್ಲ ಮಿಸ್ ಅಂದಳು, ಸುಸ್ತೆಲ್ಲ ಬರೀ ಮನಸ್ಸಲ್ಲಿ ಇರೋದು, ಇನ್ನೊಂದು ಸುತ್ತು ಓಡು ಅಂದೆ, ಅವಳ ಅಂಕಿ ಎಷ್ಟಿತ್ತೋ ನಾನು ಕೇಳಲೇ ಇಲ್ಲ, ಬಿಳಿಚಿದ ತುಟಿ, ಅರ್ಧ ಸುತ್ತಿಗೇ ಸುಣ್ಣದ ಗೆರೆಯ ಮೇಲೆ ಕೂತು ಬೂಟಿನ ದಾರ ಕಟ್ಟತೊಡಗಿದಳು, ದಾರ ಬಿಗಿಯಾಗೇ ಇತ್ತು, ನಾನು ನೋಡಿದ್ದೆ, ಅದನ್ನೇ ಬಿಚ್ಚುತ್ತಾಳೆ, ಕಟ್ಟುತ್ತಾಳೆ, ಕೂತಿರು ಮಗಳೇ, ಬಿಚ್ಚುತ್ತಾಳೆ, ಕಟ್ಟುತ್ತಾಳೆ, ಬಿಚ್ಚುತ್ತಾಳೆ