ಅಪ್ಪಿಯ ಮಕ್ಕಳು

ಮುಂಬಯಿಯ ವಡಾಲದ ಆ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಸಂಜೆಯ ದೀಪಕ್ಕೆ ಎಣ್ಣೆ ಹಾಕುವ ಅಧಿಕಾರ ಹನ್ನೊಂದು ವರ್ಷದ ವಸಂತಿಯದಾಗಿತ್ತು. ರಾಜೀವಿ ಮಾಮಿ ದೀಪವನ್ನು ಹುಣಿಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು, ಬತ್ತಿ ಹೊಸೆಯುತ್ತಿದ್ದಳು, ದೇವರ ಪಟಕ್ಕೆ ಹೂ ಮುಡಿಸುತ್ತಿದ್ದಳು. ಅಷ್ಟಾದ ಮೇಲೆ ಕೈ ಒರೆಸಿಕೊಂಡು ಹಿಂದೆ ಸರಿದು, "ಬಾ ಮಗಾ, ನಿಮ್ಮ ದೀಪ, ಎಣ್ಣೆ ನೀನೇ ಹಾಕು" ಎಂದು ಕರೆಯುತ್ತಿದ್ದಳು.

"ಇವತ್ತೊಂದು ದಿನ ನೀವೇ ಹಾಕಿ ಮಾಮಿ" ಎಂದು ವಸಂತಿ ಆಟದ ನಡುವೆ ರಾಗ ಎಳೆದರೆ, ರಾಜೀವಿ ನಗುತ್ತಿದ್ದಳು. "ನಾನು ಹೇಗೆ ಹಾಕುದು? ನನ್ನ ದೀಪ ನನ್ನ ಅಣ್ಣನ ಮನೆಯಲ್ಲಿ ಉಂಟು. ನಾನು ನಿನ್ನ ತಮ್ಮಲೆಯ ಹೆಂಡತಿ, ಅಷ್ಟೆ."

ತಮ್ಮಲೆ ಎಂದರೆ ತುಳುವಿನಲ್ಲಿ ಸೋದರಮಾವ. ಪೂವಪ್ಪ ವಸಂತಿಗೂ ಅವಳ ತಮ್ಮ ರಮಾನಾಥನಿಗೂ ತಮ್ಮಲೆ. ಅವರ ಕಡೆಯಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಗಂಡಸಿನ ಮನೆ ಬೆಳೆಯುವುದು ಅವನ ಅಕ್ಕತಂಗಿಯರ ಮಕ್ಕಳಿಂದ. ಪೂವಪ್ಪನ ಒಬ್ಬಳೇ ತಂಗಿ ಅಪ್ಪಿ ಜ್ವರದಲ್ಲಿ ತೀರಿಕೊಂಡಾಗ, ಅವಳ ಗಂಡ ಚೆನ್ನಯ ತನ್ನ ತಾಯಿಯ ಮನೆಗೆ ಹಿಂದಿರುಗಿದ. ಅದರಲ್ಲಿ ಯಾರೂ ತಪ್ಪು ಕಾಣಲಿಲ್ಲ. ಪೂವಪ್ಪ ಊರಿಗೆ ಹೋಗಿ, ಬಾಗಿಲು ಮುಚ್ಚಿದ ಕುಟುಂಬದ ಮನೆಯಿಂದ ಆ ಹಿತ್ತಾಳೆಯ ದೀಪವನ್ನು ತೆಗೆದುಕೊಂಡು, ಇಬ್ಬರು ಮಕ್ಕಳನ್ನೂ ಮುಂಬಯಿಗೆ ಕರೆತಂದ. ಸ್ವಂತ ಮಕ್ಕಳನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಹಡಗಿನಲ್ಲಿ ರಾತ್ರಿಯೆಲ್ಲ ಅವನು ದೀಪವನ್ನು ತನ್ನ ಶಾಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದುದು ವಸಂತಿಗೆ ಕನಸಿನಂತೆ ನೆನಪಿತ್ತು.

ಎಂಥ ಕಾಲ ಅದು! ಬೆಳಗಾದರೆ ಉಪ್ಪಿನಗದ್ದೆಗಳ ಕಡೆಯಿಂದ ತಂಪು ಗಾಳಿ. ಸಂಜೆಯಾದರೆ ಸಾಲು ಖೋಲಿಗಳಿಂದ ಒಗ್ಗರಣೆಯ ವಾಸನೆ. ಯಾರ ಮನೆಯಲ್ಲಿ ಬಂಗುಡೆ ಮೀನು, ಯಾರ ಮನೆಯಲ್ಲಿ ಬರಿಯ ಸಾರು ಎಂಬುದು ಕಾರಿಡಾರಿನಲ್ಲಿ ನಡೆದು ಬಂದರೆ ಗೊತ್ತಾಗುತ್ತಿತ್ತು. ಶನಿವಾರದ ಭಜನೆಗೆ ಪೂವಪ್ಪನ ತಾಳ ತಪ್ಪಿದ್ದೇ ಇಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಒಂದು ಹಡಗು ಏಜೆಂಟರ ಕಚೇರಿಯ ಗೋಡೌನಿಗೆ ಮೇಲ್ವಿಚಾರಕನಾದವನು ಅವನು. ತಿಂಗಳ ಮೊದಲ ಶನಿವಾರ ಇಬ್ಬರು ಮಕ್ಕಳಲ್ಲಿ ಒಬ್ಬರನ್ನು ಸರದಿಯಂತೆ ಕಚೇರಿಗೆ ಕರೆದೊಯ್ದು, ಅರ್ಧ ದಿನದ ಕೆಲಸ ಮುಗಿದ ಮೇಲೆ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುವುದು ಅವನ ಪದ್ಧತಿ.

ಐವತ್ತೇಳನೆಯ ಇಸವಿ. ಅಕ್ಕಿ, ಎಣ್ಣೆ, ಬಟ್ಟೆ ಎಲ್ಲಕ್ಕೂ ಬೆಲೆ ಏರುತ್ತಿತ್ತು. ಅಂಥದರಲ್ಲಿ ಸಣ್ಣ ಸಂಬಳದವರೂ ಇನ್ಕಮ್‌ಟ್ಯಾಕ್ಸ್ ಕೊಡಬೇಕೆಂದಾಯಿತು. ಅದರ ಜೊತೆಗೇ, ಮಕ್ಕಳಿದ್ದವರಿಗೆ ಕೊಂಚ ರಿಯಾಯಿತಿ ಎಂದೂ ಆಯಿತು. ಕಚೇರಿಯ ಅಕೌಂಟೆಂಟ್ ವೆಂಕಟಸುಬ್ಬಯ್ಯನವರು ಒಬ್ಬೊಬ್ಬರನ್ನೇ ಕರೆದು ಮಕ್ಕಳೆಷ್ಟೆಂದು ಕೇಳಿ ಬರೆದುಕೊಂಡರು. ಪೂವಪ್ಪ ಒಂದು ಗಳಿಗೆಯೂ ಯೋಚಿಸದೆ ಎರಡು ಎಂದ.

ಒಂದು ಭಾನುವಾರ ಬೆಳಿಗ್ಗೆ ವೆಂಕಟಸುಬ್ಬಯ್ಯನವರು ಮಾಟುಂಗದಿಂದ ನಡೆದೇ ಬಂದರು. ಮೈಸೂರಿನ ಕಡೆಯವರು, ಪಂಚೆ, ಕರಿಯ ಕೋಟು. ಕುರ್ಚಿಯಲ್ಲಿ ಕೂರುವ ಮೊದಲೇ ಕೂಗಿದರು.

"ಪೂವಪ್ಪನವರೇ, ನನ್ನ ಕುತ್ತಿಗೆಗೇ ತಂದ್ರಲ್ರೀ!"

"ಎಂತ ಆಯ್ತು ಮಾರಾಯ್ರೆ? ಮೊದಲು ಕಾಫಿ ಕುಡಿಯಿರಿ."

"ಕಾಫಿ ಇರ್ಲಿ. ಸ್ಕೂಲಿಂದ ಸರ್ಟಿಫಿಕೇಟು ತರಿಸಿದೆ. ಅದರಲ್ಲಿ ತಂದೆ ಹೆಸರು ಚೆನ್ನಯ ಅಂತಿದೆ! ಯಾರ್ರೀ ಈ ಚೆನ್ನಯ?"

"ಅವ ನನ್ನ ಬಾವ. ತಂಗಿಯ ಗಂಡ."

"ಹಾಗಾದ್ರೆ ಇವು ನಿಮ್ಮ ಮಕ್ಕಳಲ್ಲ!"

"ಮತ್ತೆ ಯಾರ ಮಕ್ಕಳು? ಅಪ್ಪಿಯ ಮಕ್ಕಳು ಅಂದ್ರೆ ನಮ್ಮ ಮನೆಯ ಮಕ್ಕಳೇ ಅಲ್ವಾ?"

ವೆಂಕಟಸುಬ್ಬಯ್ಯನವರು ತಲೆ ಚಚ್ಚಿಕೊಂಡರು. "ತಂಗಿ ಮಗಳು ಹೇಗ್ರೀ ನಿಮಗೆ ಮಗಳಾಗ್ತಾಳೆ? ನಮ್ಮ ಸುಬ್ಬಲಕ್ಷ್ಮಿ ನನಗೇನಾಗ್ಬೇಕು ಗೊತ್ತೇನು? ನಮ್ಮಕ್ಕನ ಮಗಳು!"

"ಯಾರು, ನಿಮ್ಮ ಹೆಂಡತಿಯಾ?"

"ಹೂಂ ಮತ್ತೆ. ತೊಟ್ಟಿಲಲ್ಲಿ ತೂಗಿದ್ದೀನಿ. ನಮ್ಮಲ್ಲಿ ಮೊದಲ ಹಕ್ಕು ಸೋದರಮಾವಂದೇ."

ಪೂವಪ್ಪನ ಕೈಯ ಲೋಟ ಅಲ್ಲೇ ನಿಂತಿತು. ಪರದೆಯ ಆಚೆಯಿಂದ ರಾಜೀವಿ, "ರಾಮ ರಾಮಾ!" ಎಂದದ್ದು ಎಲ್ಲರಿಗೂ ಕೇಳಿಸಿತು.

"ನಮ್ಮಲ್ಲಿ ಅಂಥ ಮಾತು ಬಾಯಲ್ಲಿ ಬಂದ್ರೆ ದೈವ ಬಿಡುದಿಲ್ಲ ಸ್ವಾಮೀ" ಎಂದ ಪೂವಪ್ಪ.

"ನಮ್ಮ ದೇವರು ತಾನೇ ನಿಂತು ಧಾರೆ ಎರೆಸ್ತಾನೆ" ಎಂದರು ವೆಂಕಟಸುಬ್ಬಯ್ಯ.

"ಇನ್ನು ಸುಬ್ಬಲಕ್ಷ್ಮಮ್ಮ ಅರಸಿನ ಕುಂಕುಮಕ್ಕೆ ಬಂದ್ರೆ ನಾನು ಅವರ ಮುಖ ಹೇಗೆ ನೋಡುದು?" ಎಂದು ರಾಜೀವಿ ಒಳಗಿನಿಂದಲೇ ಕೇಳಿದಳು. ಮೂವರೂ ನಕ್ಕುಬಿಟ್ಟರು.

ನಗು ಇಳಿದ ಮೇಲೆ ವೆಂಕಟಸುಬ್ಬಯ್ಯನವರು ದನಿ ತಗ್ಗಿಸಿದರು. "ನೋಡಿ, ಸಾಹೇಬರು ಇನ್ನೂ ರುಜು ಹಾಕಿಲ್ಲ. ಕಾನೂನಿಗೆ ಬೇಕಾದ್ದು ಹೆತ್ತ ಮಕ್ಕಳು, ಇಲ್ಲಾ ದತ್ತು ಮಕ್ಕಳು. ಸಾಕಿದೋರಿಗೆ ಏನೂ ಇಲ್ಲ. ನೀವು ಇವರನ್ನ ದತ್ತು ತಗೊಂಡುಬಿಡಿ. ಹೊಸ ಕಾನೂನು ಬಂದಿದೆ, ಕಷ್ಟವಿಲ್ಲ. ಚೆನ್ನಯನವರು ಒಪ್ಪಿದ್ರೆ ಆಯ್ತು. ಈ ವರ್ಷ ಹೋದ್ರೂ ಮುಂದಿನ ವರ್ಷದಿಂದ ಸಿಗುತ್ತೆ."

ಪೂವಪ್ಪನ ಮುಖ ಬಿಗಿಯಿತು. "ದತ್ತು ಬೇಡ. ಅದೊಂದು ಮಾತ್ರ ಹೇಳ್ಬೇಡಿ."

"ಯಾಕ್ರೀ? ಇಷ್ಟು ಮುದ್ದಾದ ಮಕ್ಕಳು."

"ಬೇಡ ಅಂದ್ರೆ ಬೇಡ ಮಾರಾಯ್ರೆ. ಶನಿವಾರ ನಾನೇ ಸಾಹೇಬರಿಗೆ ಹೇಳ್ತೇನೆ. ನಿಮ್ಮ ಮೇಲೆ ಮಾತು ಬರ್ಲಿಕ್ಕೆ ಬಿಡುದಿಲ್ಲ."

ಚಕ್ಕುಲಿಯ ತಟ್ಟೆ ಹಿಡಿದು ಪರದೆಯ ಬಳಿ ನಿಂತಿದ್ದ ವಸಂತಿ ಎಲ್ಲವನ್ನೂ ಕೇಳಿದಳು. ಬೆಲೆ ಏರಿದ್ದು, ಟ್ಯಾಕ್ಸು, ಕಾನೂನು ಯಾವುದೂ ಅವಳಿಗೆ ತಲೆಗೆ ಹತ್ತಲಿಲ್ಲ. ಹತ್ತಿದ್ದು ಒಂದೇ ಮಾತು: ನಮ್ಮನ್ನು ಮಕ್ಕಳು ಮಾಡಿಕೊಳ್ಳಿ ಎಂದರೆ ತಮ್ಮಲೆ ಬೇಡ ಎಂದರು. ಅಂದು ಸಂಜೆ ಎಣ್ಣೆ ಹಾಕುವಾಗ ದೀಪ ತುಂಬಿದ್ದನ್ನೂ ನೋಡದೆ ದೇವರ ಮಣೆಯ ಮೇಲೆಲ್ಲ ಚೆಲ್ಲಿದಳು.

ಆದರೂ ಮಕ್ಕಳ ಮನಸ್ಸು ಸುಮ್ಮನೆ ಸೋಲುವುದಿಲ್ಲ. ತಮ್ಮಲೆಗೆ ನಾಚಿಕೆ ಇರಬೇಕು, ತಾನೇ ಮೊದಲು ಕರೆದರೆ ಸರಿಹೋದೀತು ಎಂದು ಅವಳು ಎಣಿಸಿದಳು. ಮರುದಿನ ನಲ್ಲಿಯ ಹತ್ತಿರ ತಮ್ಮನನ್ನು ಹಿಡಿದು ನಿಲ್ಲಿಸಿದಳು.

"ಇನ್ನು ತಮ್ಮಲೆಯನ್ನು ಅಪ್ಪ ಅಂತ ಕರೀಬೇಕು."

"ಮತ್ತೆ ಊರಿನ ಅಪ್ಪನನ್ನು ಎಂತ ಕರೆಯುದು? ತಮ್ಮಲೆ ಅಂತಲಾ?" ಎಂದು ಕೇಳಿದ ರಮಾನಾಥ ಒಂದು ಚಿವುಟು ತಿಂದು ಓಡಿಹೋದ.

ಆ ಸಂಜೆ ಪೂವಪ್ಪ ಚಪ್ಪಲಿ ಬಿಡುವಾಗ ವಸಂತಿ, "ಅಪ್ಪಾ, ಕಾಲಿಗೆ ನೀರು" ಎಂದು ಚೆಂಬು ಹಿಡಿದಳು. ಪೂವಪ್ಪ ಅವಳನ್ನು ನೋಡಿದ. ನೀರು ತೆಗೆದುಕೊಂಡ. ಆ ವಾರವೆಲ್ಲ ಅವಳು ಕರೆದಾಗೆಲ್ಲ ಅವನು ಓಗೊಡುವ ಮೊದಲು ಒಂದು ಕ್ಷಣ ತಡೆಯುತ್ತಿದ್ದ, ಪಕ್ಕದ ಖೋಲಿಯವರನ್ನು ಯಾರೋ ಕರೆದರೇನೋ ಎಂಬಂತೆ.

ಶನಿವಾರ ವಸಂತಿಯ ಸರದಿ. ಬೋರಿಬಂದರ ಸ್ಟೇಷನ್ನಿನಲ್ಲಿ ರೈಲು ಇಳಿದು ಫೋರ್ಟಿಗೆ ನಡೆಯುವಾಗ ಅವಳು ಹಿಂದಿಯ ಪಾಠಪುಸ್ತಕದ ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿರುಗಿಸುತ್ತಿದ್ದಳು. ಸಾಹೇಬರು ವಯಸ್ಸಾದ ಪಾರ್ಸಿ, ಒಳ್ಳೆಯ ಮನುಷ್ಯ. ಪಕ್ಕದಲ್ಲಿ ವೆಂಕಟಸುಬ್ಬಯ್ಯನವರು ಕಾಗದಗಳನ್ನು ಹಿಡಿದು ನಿಂತಿದ್ದರು.

"ಅರೇ ಪೂವಪ್ಪಾ, ಯೇ ಛೋಕ್ರಿ ಕೌನ್?"

ಪೂವಪ್ಪ ಬಾಯಿ ತೆರೆಯುವ ಮೊದಲೇ ವಸಂತಿ ಒಂದು ಹೆಜ್ಜೆ ಮುಂದಿಟ್ಟು ಗಟ್ಟಿಯಾಗಿ ಹೇಳಿದಳು: "ಯೇ ಮೇರೇ ಪಿತಾಜೀ ಹೈ!"

ಸಾಹೇಬರು ಮೆಚ್ಚಿ ನಕ್ಕರು. ಲೇಖನಿ ಎತ್ತಿಕೊಂಡರು. ವೆಂಕಟಸುಬ್ಬಯ್ಯನವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಪೂವಪ್ಪ ಸುಮ್ಮನಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವನು ವಸಂತಿಯ ತಲೆಯ ಮೇಲೆ ಕೈಯಿಟ್ಟ.

"ನಹೀ ಸಾಬ್. ಬಚ್ಚೀ ಮೇರೇ ವಾಸ್ತೇ ಝೂಟ್ ಬೋಲ್ತೀ ಹೈ. ಮೈ ಇಸ್ಕಾ ಮಾಮಾ. ಮೇರಾ ಬಚ್ಚಾ ನಹೀ ಹೈ. ಅಕೌಂಟೆಂಟ್ ಸಾಬ್ ಕಾ ಗಲ್ತೀ ನಹೀ, ಮೈನೇ ಹೀ ದೋ ಬೋಲಾ." ಮಗು ತನಗಾಗಿ ಸುಳ್ಳು ಹೇಳುತ್ತಿದೆ, ತಾನು ಬರಿಯ ಸೋದರಮಾವ, ಎರಡು ಎಂದು ಬರೆಸಿದ್ದು ತಾನೇ, ಅಕೌಂಟೆಂಟರ ತಪ್ಪಿಲ್ಲ ಎಂದ.

ಸಾಹೇಬರು ಕನ್ನಡಕ ತೆಗೆದು, ಉಣ್ಣಿಸಿ ಓದಿಸುವವರು ಯಾರೆಂದು ಕೇಳತೊಡಗಿದರು. "ಖಿಲಾತಾ ಕೌನ್ ಹೈ?"

"ಮೈ, ಸಾಬ್."

"ಪಢಾತಾ ಕೌನ್?"

"ಮೈ."

"ತೋ ಫಿರ್?"

"ಫಿರ್ ಭೀ ಮಾಮಾ, ಸಾಬ್."

ಸಾಹೇಬರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಆಮೇಲೆ, "ಕಾಯ್ದೇ ಮೇ ಮಾಮಾ ನಹೀ ಹೈ, ಡೀಕ್ರಾ" ಎಂದು, ಕಾನೂನಿನಲ್ಲಿ ಮಾಮನಿಗೆ ಜಾಗವಿಲ್ಲವಲ್ಲ ಎಂಬ ಬೇಸರದಿಂದಲೇ, ಎರಡು ಮಕ್ಕಳೆಂದು ಬರೆದದ್ದನ್ನು ಹೊಡೆದುಹಾಕಿದರು.

ಹೋಟೆಲಿನಲ್ಲಿ ದೋಸೆ ಬಂದಿತು. ವಸಂತಿ ಮುಟ್ಟಲಿಲ್ಲ. ಅವಳ ಕಣ್ಣೀರು ಟೇಬಲಿನ ಕಲ್ಲಿನ ಮೇಲೆ ಬೀಳುತ್ತಿತ್ತು.

"ನಾನು ನಿಮಗೆ ಬೇಡವಾ?"

"ಯಾರು ಹೇಳಿದ್ದು?"

"ನೀವೇ. ದತ್ತು ಬೇಡ ಅಂದ್ರಿ. ಇವತ್ತು ಎಲ್ಲರ ಎದುರು ನನ್ನ ಬಚ್ಚಾ ಇಲ್ಲ ಅಂದ್ರಿ."

ಪೂವಪ್ಪ ಪಂಚೆಯ ತುದಿಯಿಂದ ಅವಳ ಕೆನ್ನೆ ಒರೆಸಿದ. "ಒಂದು ಕೇಳ್ತೇನೆ, ಹೇಳು. ನನಗೂ ಮಾಮಿಗೂ ಒಬ್ಬಳು ಮಗಳು ಹುಟ್ಟಿದ್ರೆ ಅವಳು ಯಾವ ಮನೆಯವಳು?"

ವಸಂತಿ ಮೂಗು ಒರೆಸಿಕೊಂಡು ಯೋಚಿಸಿದಳು. "ಮಾಮಿಯ ಅಣ್ಣನ ಮನೆಯವಳು."

"ನಮ್ಮ ದೀಪಕ್ಕೆ ಎಣ್ಣೆ ಹಾಕ್ಲಿಕ್ಕೆ ಉಂಟಾ ಅವಳಿಗೆ?"

"ಇಲ್ಲ."

"ಮತ್ತೆ ನಿನ್ನನ್ನು ನಾನು ಹೇಗೆ ಮಗಳು ಮಾಡುದು ಮಗಾ? ಮಗಳು ಮಾಡಿದ್ರೆ ನೀನು ನನ್ನ ಮನೆಯಿಂದ ಹೊರಗೆ ಹೋದ ಹಾಗೆ. ಅಪ್ಪಿ ಹೋಗುವಾಗ ನನ್ನ ಕೈ ಹಿಡ್ಕೊಂಡು, ಅಣ್ಣಾ, ದೀಪ ನಂದಿಸ್ಬೇಡ ಅಂದಳು. ದತ್ತಿನ ಕಾಗದದಲ್ಲಿ ಅವಳ ಹೆಸರು ಹೊಡೆದು ನನ್ನ ಹೆಸರು ಬರೆಸಿದ್ರೆ, ನಾಳೆ ದೇವರ ಹತ್ತಿರ ಹೋದಾಗ ಅವಳಿಗೆ ಎಂತ ಮುಖ ತೋರಿಸುದು? ನೀನು ಅಪ್ಪಿಯ ಮಗಳು. ಹಾಗೇ ಇರ್ಬೇಕು."

ಹಡಗಿನಲ್ಲಿ ಅಳದವನು, ತಂಗಿಯ ಹದಿಮೂರರ ದಿನವೂ ಅಳದವನು, ಫೋರ್ಟಿನ ಹೋಟೆಲಿನಲ್ಲಿ, ಆಫೀಸಿನವರ ಗದ್ದಲದ ನಡುವೆ ತಲೆ ತಗ್ಗಿಸಿ ಅತ್ತ. ವಸಂತಿ ದೋಸೆಯ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು.

"ತಮ್ಮಲೇ," ಎಂದಳು ಮೆಲ್ಲಗೆ, "ಇನ್ನೊಂದು ಚಟ್ನಿ ಹೇಳಿ."

ಈ ಸಲ ಅವನು ತಡೆಯಲಿಲ್ಲ. "ಹೋ" ಎಂದು ಓಗೊಟ್ಟು, ಮೂಗು ಒರೆಸಿಕೊಂಡು, ಚಟ್ನಿಗೆ ಕೂಗಿದ.

ಸಂಬಳದಲ್ಲಿ ಟ್ಯಾಕ್ಸು ಮುರಿದುಕೊಂಡರು. ಆ ವರ್ಷ ಊರಿಗೆ ಹೋಗಲಾಗಲಿಲ್ಲ. ರಾಜೀವಿ ದೀಪಾವಳಿಗೆ ಹಳೆಯ ಸೀರೆಯನ್ನೇ ಇಸ್ತ್ರಿ ಮಾಡಿಸಿ ಉಟ್ಟಳು. ಮುಂದೆ ಬಜೆಟ್ಟಿನ ದಿನ ಬಂದಾಗಲೆಲ್ಲ ಚಾಳಿನವರು ಪೇಪರಿನ ಸುತ್ತ ನೆರೆದು, ಮಕ್ಕಳ ರಿಯಾಯಿತಿ ಹೆಚ್ಚಿಸಿದರೇ ಇಲ್ಲವೇ ಎಂದು ವಾದಿಸುತ್ತಿದ್ದರು. ಪೂವಪ್ಪ ಎಲ್ಲ ಕೇಳಿ ಕೊನೆಗೆ, "ತಂಗಿಯ ಮಕ್ಕಳಿಗೆ, ಅಳಿಯ ಸೊಸೆಯರಿಗೆ, ಎಂತಾದ್ರೂ ಉಂಟಾ ನೋಡಿ ಮಾರಾಯ್ರೆ" ಎನ್ನುತ್ತಿದ್ದ. ವರ್ಷ ವರ್ಷವೂ ಅದೇ ಮಾತು, ವರ್ಷ ವರ್ಷವೂ ಎಲ್ಲರೂ ನಗುತ್ತಿದ್ದರು.

ಆ ಪುಣ್ಯಾತ್ಮ ಈಗಿಲ್ಲ. ಅವನ ಉತ್ತರಕ್ರಿಯೆಯ ಬೊಜ್ಜ ಮುಗಿದ ಸಂಜೆ, ಮುದುಕಿಯಾದ ರಾಜೀವಿ ದೀಪ ಬೆಳಗಿ, ಬತ್ತಿ ಹೊಸೆದಿಟ್ಟು, ಗೋಡೆ ಹಿಡಿದು ಹಿಂದೆ ಸರಿದಳು. ತಲೆ ನರೆತ ವಸಂತಿಯನ್ನು, "ಬಾ ಮಗಾ" ಎಂದು ಕರೆದಳು. ವಸಂತಿ ಎಣ್ಣೆ ಹಾಕಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ.